ಹೆಬ್ಬೆರಳ ಸೇಫ್ಟಿ ಬೇಕಾ, ಬೇಡ್ವಾ?

ಎಲ್ಲರಿಗೂ ನಮಸ್ಕಾರ. ಜೊತೆಗಿಟ್ಟುಕೊಳ್ಳೋ ಚಿಕ್ಕ ಪಿಸ್ತೂಲ್ ಕೊಳ್ಳೋಕೆ ಹೊರಟಿರೋ ಮೂವರು ಇದನ್ನೇ ಕೇಳಿದ್ರು, ಅದಕ್ಕೆ ಇಲ್ಲೇ ಬರೀತಿದೀನಿ.

ಗ್ಲಾಕ್ 43ಎಕ್ಸ್‌ನಲ್ಲಿ ಹೆಬ್ಬೆರಳಿಂದ ಹಾಕೋ ಸೇಫ್ಟಿ, ಅಂದ್ರೆ ಗುಂಡು ಹಾರದಂತೆ ತಡೆಯೋ ಪುಟ್ಟ ಲಿವರ್, ಇಲ್ಲ. ಆದ್ರೆ ಟ್ರಿಗರ್ ಮಧ್ಯದ ಪುಟ್ಟ ನಾಲಿಗೆ ಒತ್ತದೆ ಟ್ರಿಗರ್ ಹಿಂದೆ ಬರಲ್ಲ, ಒಳಗೆ ಗುಂಡಿಗೆ ಬಡಿಯೋ ಫೈರಿಂಗ್ ಪಿನ್‌ಗೂ ತಡೆ ಇದೆ. ಕೈಜಾರಿ ಬಿದ್ದಾಗ ಇವು ಕಾಯ್ತವೆ. ಟ್ರಿಗರನ್ನೇ ಏನಾದ್ರೂ ಎಳೆದ್ರೆ? ಕಾಯಲ್ಲ. ಸಿಗ್ ಪಿ365 ಪಿಸ್ತೂಲ್ ಹೆಬ್ಬೆರಳ ಸೇಫ್ಟಿ ಇರೋದು, ಇಲ್ಲದ್ದು, ಎರಡೂ ಥರ ಸಿಗುತ್ತೆ.

ನನ್ನದೇ ಕಥೆ ಹೇಳ್ತೀನಿ. ಹೋದ ಚಳಿಗಾಲ ಪಿಸ್ತೂಲ್ ಒಳಗಿಡುವಾಗ ಜಾಕೆಟ್ ದಾರದ ಗಂಟು ಹೋಲ್‌ಸ್ಟರ್ (ಪಿಸ್ತೂಲ್ ಇಡೋ ಕವಚ) ಬಾಯಿಗೆ ಸಿಕ್ಕಿಕೊಂಡಿತ್ತು. ಏನೋ ತಡೆದಂಗಾಯ್ತು, ನಿಲ್ಲಿಸಿ ಬಗ್ಗಿ ನೋಡಿದ್ರೆ ದಾರ ಟ್ರಿಗರ್ ಪಕ್ಕದಲ್ಲೇ! ಸೇಫ್ಟಿ ಹಾಕಿತ್ತು, ಬಚಾವ್. ಅವತ್ತಿಂದ ನಾನು ಸೇಫ್ಟಿ ಪಾರ್ಟಿ. ಆದ್ರೆ ಅದನ್ನ ತೆಗೆಯೋದು ಬೆರಳಿಗೆ ರೂಢಿ ಆಗೋವರೆಗೂ ಖಾಲಿ ಪಿಸ್ತೂಲಲ್ಲಿ ಅಭ್ಯಾಸ ಮಾಡ್ಬೇಕು, ಗುಂಡುಗಳು ಬೇರೆ ಕೋಣೆಯಲ್ಲಿರಲಿ. ಯಾವ ಪಿಸ್ತೂಲಾದ್ರೂ ಟ್ರಿಗರ್ ಪೂರ್ತಿ ಮುಚ್ಚೋ ಗಟ್ಟಿ ಹೋಲ್‌ಸ್ಟರ್ ಬೇಕೇ ಬೇಕು.

ಅಮೆರಿಕದಲ್ಲಿ ಎಚ್-1ಬಿ ಕೆಲಸದ ವೀಸಾದಲ್ಲಿರೋರೇ, ಟೆಕ್ಸಸ್‌ನಲ್ಲಿ 2021ರ ಸೆಪ್ಟೆಂಬರ್‌ನಿಂದ ಪಿಸ್ತೂಲ್ ಜೊತೆಗಿಟ್ಟು ಓಡಾಡೋಕೆ ಪರ್ಮಿಟ್ ಬೇಡ ಅನ್ನೋದನ್ನ ನಂಬಿಕೊಂಡು ಅಂಗಡಿಗೆ ಹೋಗ್ಬೇಡಿ. ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ರೆ, ಫೆಡರಲ್ ಕಾನೂನಲ್ಲಿ ನಿಮಗೆ ಬಂದೂಕೂ ಇಲ್ಲ, ಗುಂಡೂ ಇಲ್ಲ. ಗುಂಡು ಹಾರಿಸೋ ಅಭ್ಯಾಸದ ಜಾಗ, ಅಂದ್ರೆ ರೇಂಜ್‌ನಲ್ಲಿ ಬಾಡಿಗೆ ಪಿಸ್ತೂಲ್ ಮುಟ್ಟೋ ಮುಂಚೆನೂ ವಕೀಲರನ್ನ ಕೇಳಿ.

ಶನಿವಾರ ರೇಂಜ್‌ಗೆ ಬರೋರು ಕಿವಿಗೆ, ಕಣ್ಣಿಗೆ ರಕ್ಷಣೆ ತನ್ನಿ. ನನ್ನ ಪಿ365 ತರ್ತೀನಿ, ಸೇಫ್ಟಿ ಹಾಕಿ ತೆಗೆದು ನೋಡಬಹುದು.