ವೈವಾ ಮುಗಿಯಿತು, ಇವರಿಗೆಲ್ಲ ನನ್ನ ನಮಸ್ಕಾರ

ನಿನ್ನೆ ಪಿಎಚ್‌ಡಿ ವೈವಾ (ಪ್ರಬಂಧದ ಮೌಖಿಕ ಪರೀಕ್ಷೆ) ಮುಗಿಯಿತು. ಅಮೃತಬಳ್ಳಿಯ ಸಾರ ಲಿವರ್‌ಗೆ ಎಷ್ಟು ಸುರಕ್ಷಿತ ಅನ್ನುವುದು ನನ್ನ ವಿಷಯ. ಗೈಡ್‌ಗೆ, ಮನೆಯವರಿಗೆ ಪ್ರಬಂಧದಲ್ಲೇ ವಂದನೆ ಹೇಳಿದ್ದೇನೆ. ಉಳಿದವರ ಬಗ್ಗೆ ಒಂದು ಸಾಲು ಬರೆದರೆ ಸಾಲದು ಅನ್ನಿಸಿತು.

"ಮನೆಮದ್ದು ತಾನೇ, ಅದನ್ನೇನು ಪರೀಕ್ಷೆ ಮಾಡೋದು?" ಎಂದು ಬಹಳ ಜನ ಕೇಳಿದ್ದರು. ಕೋವಿಡ್ ಕಾಲದಲ್ಲಿ ಎಷ್ಟೋ ಮನೆಗಳಲ್ಲಿ ಇದರ ಕಷಾಯ ಕುದಿಯಿತು. 2021ರಲ್ಲಿ ಮುಂಬೈನ ವೈದ್ಯರು ಇದನ್ನು ಸೇವಿಸಿದ ಕೆಲವರಿಗೆ ಲಿವರ್ ತೊಂದರೆಯಾಗಿದೆ ಎಂದು ವರದಿ ಮಾಡಿದರು. ಆ ರೋಗಿಗಳು ಕುಡಿದ ಗಿಡ ಯಾವುದೆಂದು ಪರೀಕ್ಷಿಸಿಲ್ಲವಲ್ಲ ಎಂದು ಆಯುಷ್ ಸಚಿವಾಲಯ ಆಕ್ಷೇಪಿಸಿತು.

ಅದಕ್ಕೇ ನನ್ನ ಮೊದಲ ನಮಸ್ಕಾರ ಸಸ್ಯಶಾಸ್ತ್ರದ ಮೇಡಂಗೆ. ಅಮೃತಬಳ್ಳಿಯನ್ನೇ ಹೋಲುವ ಟೈನೊಸ್ಪೊರಾ ಕ್ರಿಸ್ಪಾ ಅಂತ ಇನ್ನೊಂದು ಬಳ್ಳಿ ಇದೆ. ಅದರ ಕಾಂಡದ ತುಂಬ ನರೂಲಿಯಂಥ ಗಂಟುಗಳು. ಮೇಡಂ ಪ್ರತಿ ಕಾಂಡವನ್ನೂ ತಿರುಗಿಸಿ ನೋಡಿ, ಹರ್ಬೇರಿಯಂ ಹಾಳೆ (ಗುರುತಿಗಾಗಿ ಗಿಡವನ್ನು ಒಣಗಿಸಿ ಅಂಟಿಸಿದ ಹಾಳೆ) ಮಾಡಿಟ್ಟ ಮೇಲೆಯೇ ಉಳಿದದ್ದನ್ನು ಒಣಗಿಸಲು ಬಿಟ್ಟರು.

ಆಮೇಲೆ ಪ್ರಯೋಗದ ಇಲಿಗಳನ್ನು ಸಾಕುವ ಅನಿಮಲ್ ಹೌಸಿನ ಅಣ್ಣ. 28 ದಿನ, ದಿನಾ ಇಲಿಯ ಹೊಟ್ಟೆಗೆ ಸಾರ ಇಳಿಸಬೇಕು. ಗುಂಡು ತುದಿಯ ಸೂಜಿ ಅನ್ನನಾಳ ಬಿಟ್ಟು ಶ್ವಾಸನಾಳಕ್ಕೆ ಹೋದರೆ ಇಲಿ ಸಾಯಬಹುದು. ಆ ಸಾವಿಗೂ ಗಿಡಕ್ಕೂ ಸಂಬಂಧವೇ ಇರುವುದಿಲ್ಲ. ಅಣ್ಣ ಹಿಡಿದರೆ ಇಲಿ ಒದ್ದಾಡುತ್ತಿರಲಿಲ್ಲ. ಇಲಿ ಹಿಡಿಯುವುದನ್ನು ನನಗೆ ಕಲಿಸಿದ್ದೂ ಅವರೇ. ರಕ್ತ ತೆಗೆಯುವಾಗಲೂ ಪಕ್ಕದಲ್ಲೇ ನಿಂತಿರುತ್ತಿದ್ದರು. ಕೆಂಪುಕಣ ಒಡೆದ ರಕ್ತದಲ್ಲಿ ಎಸ್‌ಜಿಒಟಿ (ಲಿವರ್‌ಗೆ ಹಾನಿಯಾದರೆ ರಕ್ತದಲ್ಲಿ ಏರುವ ಕಿಣ್ವ) ಸುಮ್ನೆ ಏರಿಬಿಡುತ್ತದೆ, ಲಿವರ್ ಕೆಟ್ಟಿದೆ ಅಂತ ತಪ್ಪು ತಿಳಿಯುತ್ತೇವೆ. ಪ್ರಬಂಧದ ಅಂಕಿಗಳನ್ನು ನಂಬಬಹುದು ಅಂತಾದರೆ ಅದರಲ್ಲಿ ಅರ್ಧ ಪಾಲು ಅಣ್ಣನ ಕೈಯದು.

ಸಾರ ಕುಡಿದ ಗುಂಪಿನ ಇಲಿಯದೋ ಕುಡಿಯದ ಗುಂಪಿನದೋ ಎಂದು ಕೇಳದೆಯೇ ಲಿವರ್‌ನ ಸ್ಲೈಡುಗಳನ್ನೆಲ್ಲ ಸೂಕ್ಷ್ಮದರ್ಶಕದಲ್ಲಿ ನೋಡಿ ಓದಿಕೊಟ್ಟ ಪೆಥಾಲಜಿ ಡಾಕ್ಟರಿಗೂ ನಾನು ಋಣಿ.

ಎಥಿಕ್ಸ್ ಕಮಿಟಿಯವರು "ಇಷ್ಟು ಇಲಿ ಯಾಕೆ ಬೇಕು?" ಎಂದು ಕೇಳಿದ್ದು ನ್ಯಾಯವಾಗಿತ್ತು. 28 ದಿನದ ಇಂಥ ಪರೀಕ್ಷೆಗೆಂದೇ ಇರುವ ಓಇಸಿಡಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 407ನೇ ಮಾರ್ಗಸೂಚಿ ಪ್ರಕಾರ ಗುಂಪಿಗೆ ಕನಿಷ್ಠ 10 ಇಲಿ ಬೇಕು, ಅದಕ್ಕಿಂತ ಒಂದೂ ಜಾಸ್ತಿ ತೆಗೆದುಕೊಳ್ಳಲಿಲ್ಲ. ಲಿವರ್ ನೋಡಬೇಕೆಂದರೆ ಕೊನೆಗೆ ಅವು ಸಾಯಲೇಬೇಕು. ಈ ಕೆಲಸದ ತುಂಬಾ ಕಷ್ಟದ ಭಾಗ ಅದು. ಅವಕ್ಕೆ ಬರೀ ಥ್ಯಾಂಕ್ಸ್ ಹೇಳಿ ಕೈ ತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಪ್ರತಿ ಇಲಿಯ ಪ್ರತಿ ಅಂಕಿಯನ್ನೂ, ಏನೂ ವ್ಯತ್ಯಾಸ ಕಾಣದವನ್ನೂ ಸೇರಿಸಿ, ಪ್ರಬಂಧದ ಅನುಬಂಧದಲ್ಲಿ ಹಾಕಿದ್ದೇನೆ. ಇದೇ ಬಳ್ಳಿಯ ಮೇಲೆ ಕೆಲಸ ಶುರುಮಾಡುವವರು ದಯವಿಟ್ಟು ಮೊದಲು ಅದನ್ನು ಕೇಳಿ ಪಡೆಯಿರಿ, ಕಳಿಸಿಕೊಡುತ್ತೇನೆ.