ಭಾವನವರ ಊಟ ಮತ್ತು ಮಾತ್ರೆಯ ಬಗ್ಗೆ

ಪ್ರೀತಿಯ ಪುಟ್ಟಿಗೆ ಮಾಮನ ಆಶೀರ್ವಾದಗಳು.

ಭಾವನವರ ಪಾರ್ಕಿನ್ಸನ್ ಕಾಯಿಲೆಗೆ ಹಾಲು, ಬೇಳೆ, ಮೊಟ್ಟೆ ಎಲ್ಲ ಬಂದ್ ಮಾಡಿದ್ದೀಯಂತೆ, ಅಕ್ಕ ಹೇಳಿದಳು. ಅಪ್ಪನ ಮೇಲಿನ ಪ್ರೀತಿಯಿಂದಲೇ ಮಾಡಿದ್ದೀಯ, ಗೊತ್ತು. ಆದರೆ ಪ್ರೋಟೀನ್ ನಿಲ್ಲಿಸಬೇಡ ಮಗಳೇ, ಅದನ್ನು ಕೊಡುವ ಹೊತ್ತು ನೋಡಿಕೋ.

ಈ ಕಾಯಿಲೆಗೆ ಅವರು ತೆಗೆದುಕೊಳ್ಳುವ ಮಾತ್ರೆ ಲೆವೊಡೋಪಾ ಕರುಳಿನಿಂದ ರಕ್ತಕ್ಕೆ, ಅಲ್ಲಿಂದ ಮೆದುಳಿಗೆ ಹೋಗಬೇಕು. ಪ್ರೋಟೀನ್ ಜೀರ್ಣವಾದಾಗ ಬರುವ ಕೆಲವು ಅಮೈನೋ ಆಮ್ಲಗಳಿಗೂ ಅದೇ ದಾರಿ. ಎರಡೂ ಒಟ್ಟಿಗೆ ನುಗ್ಗಿದರೆ ಔಷಧಿ ಹಿಂದೆ ಬೀಳುತ್ತದೆ. ಊಟವಾದ ಮೇಲೆ ನಡುಕ ಜಾಸ್ತಿ, ಹೆಜ್ಜೆ ಎತ್ತಿಡುವುದೇ ಕಷ್ಟ ಅನ್ನುವವರಿಗೆ ಇದೇ ಕಾರಣವಿರಬಹುದು. ಎಲ್ಲರಿಗೂ ಹೀಗಾಗುವುದಿಲ್ಲ. ಕಾಯಿಲೆ ಹಳೆಯದಾದವರಲ್ಲಿ ಜಾಸ್ತಿ. ಅಂಥವರಿಗೆ ಸಾಮಾನ್ಯವಾಗಿ ಊಟಕ್ಕೆ 30 ನಿಮಿಷ ಮೊದಲು, ಇಲ್ಲವೇ ಊಟವಾಗಿ 1 ಗಂಟೆಯ ನಂತರ ಮಾತ್ರೆ ಕೊಡಲು ಹೇಳುತ್ತಾರೆ. ಅದೂ ಸಾಲದಿದ್ದರೆ ಪ್ರೋಟೀನಿನ ಹೆಚ್ಚಿನ ಪಾಲನ್ನು ರಾತ್ರಿಯ ಊಟಕ್ಕೆ ಸರಿಸುತ್ತಾರೆ. ಪೂರ್ತಿ ಬಿಟ್ಟರೆ ಸ್ನಾಯು ಸವೆಯುತ್ತದೆ, ಬೀಳುವ ಭಯ ಹೆಚ್ಚುತ್ತದೆ. ಈ ಕಾಯಿಲೆಯಲ್ಲಿ ತೂಕ ತಾನಾಗಿಯೇ ಇಳಿಯುವುದುಂಟು, ನಾವೂ ಇಳಿಸಬಾರದು ಅಲ್ವಾ? ಕಬ್ಬಿಣಾಂಶದ ಮಾತ್ರೆಯನ್ನೂ ಇದರ ಜೊತೆ ಕೊಡಬೇಡ. ಲೆವೊಡೋಪಾ ಮೈಗೆ ಹತ್ತುವುದು ಕಡಿಮೆಯಾಗುತ್ತದೆ.

ಕರುಳಿಗೂ ಮೆದುಳಿಗೂ ನಂಟಿದೆ ಅನ್ನುವುದು ಸುಮ್ನೆ ಮಾತಲ್ಲ. ಹಲವರಿಗೆ ನಡುಕ ಕಾಣುವ ಎಷ್ಟೋ ವರ್ಷ ಮೊದಲೇ ಮಲಬದ್ಧತೆ ಶುರುವಾಗಿರುತ್ತದೆ. ನಾರಿರುವ ತರಕಾರಿ, ಸಾಕಷ್ಟು ನೀರು ಕೊಡು.

ಆದರೆ ನಂಟು ಕಂಡದ್ದೆಲ್ಲ ಔಷಧಿಯಾಗುವುದಿಲ್ಲ. ಕಾಫಿ ಕುಡಿಯುವವರಲ್ಲಿ ಪಾರ್ಕಿನ್ಸನ್ ಕಡಿಮೆ ಅಂತ ಹಲವು ಅಧ್ಯಯನಗಳಲ್ಲಿ ಕಂಡಿತ್ತು. ಕಾಯಿಲೆ ಇದ್ದವರಿಗೇ ಕೆಫೀನ್ ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ 2017ರಲ್ಲಿ ಬಂತು, ಚಲನೆಯ ತೊಂದರೆಗಳು ಸುಧಾರಿಸಿರಲಿಲ್ಲ. ಕೀಟೋ ಊಟ, ಅಂದರೆ ಕೊಬ್ಬು ಜಾಸ್ತಿ, ಅನ್ನ-ಸಕ್ಕರೆ ತೀರಾ ಕಡಿಮೆ ಇರುವ ಊಟವೂ ಹಾಗೆಯೇ. ಮೂರ್ಛೆರೋಗಕ್ಕೆ ಅದು 1921ರಿಂದ ಬಳಕೆಯಲ್ಲಿದೆ, ಮಾತ್ರೆಗೆ ಬಗ್ಗದ ಮಕ್ಕಳಿಗೆ ನಿಜವಾಗಿ ಉಪಕಾರವಾಗಿದೆ. ಆದರೆ ಅದು ಬೇರೆ ಕಾಯಿಲೆ, ಅಲ್ಲೂ ವೈದ್ಯರ ಕಣ್ಗಾವಲು ಬೇಕೇ ಬೇಕು.

"ನನ್ನ ಅಡುಗೆಯಿಂದಲೇ ಹೀಗಾಯಿತಾ" ಅಂತ ಅಕ್ಕ ಕೇಳಿದಳು. ಖಂಡಿತ ಅಲ್ಲ ಅಂದೆ, ನೀನೂ ಹೇಳು. ವಯಸ್ಸು, ವಂಶವಾಹಿ, ಕೆಲವು ಕೀಟನಾಶಕಗಳು, ಹೀಗೆ ಎಷ್ಟೋ ಸೇರಿ ಬರುವ ಕಾಯಿಲೆ ಇದು. ಅವಳ ಮೇಲೆ ಈ ಹೊರೆ ಇರಬಾರದು.

ಒಂದು ವಾರ ಮಾತ್ರೆಯ ಹೊತ್ತು, ಊಟದ ಹೊತ್ತು, ನಡುಕ ಜಾಸ್ತಿಯಾದ ಹೊತ್ತು ಬರೆದಿಡು. ತೂಕವನ್ನೂ ಬರೆ. ಅದನ್ನು ನರರೋಗದ ಡಾಕ್ಟರಿಗೆ ತೋರಿಸು, ಅವರನ್ನು ಕೇಳದೆ ಮಾತ್ರೆಯ ಹೊತ್ತು ಬದಲಿಸಬೇಡ. ವಿಟಮಿನ್ ಬಿ12 ಪರೀಕ್ಷೆ ಬೇಕಾ ಅಂತಲೂ ಕೇಳು. ಅದು ಕಡಿಮೆಯಾದರೂ ಕಾಲು ಜೋಮು ಹಿಡಿಯುತ್ತದೆ, ಮರೆವು ಬರುತ್ತದೆ, ಅದಕ್ಕೆ ಚಿಕಿತ್ಸೆ ಇದೆ. ಅವರು ಏನಂದರು ಅಂತ ನನಗೆ ಫೋನ್ ಮಾಡು.

ನಿನ್ನ ಮಾಮ