ಕಾರವಾರದಿಂದ ಒಂದು ಪತ್ರ: ಹಳೆಯ ಸೈನ್ಯಕ್ಕೆ ಹೊಸ ಬಣ್ಣ

ಪ್ರಿಯ ಗೆಳೆಯಾ,

ವಾರ್‌ಹ್ಯಾಮರ್ ಎಂಬ ಮೇಜಿನ ಮೇಲಿನ ಯುದ್ಧದಾಟದ ನಿನ್ನ ಓರ್ಕ್ (ಹಸಿರು ರಾಕ್ಷಸರ) ಗೊಂಬೆ ಸೈನ್ಯಕ್ಕೆ ಹೊಸದಾಗಿ ಬಣ್ಣ ಹಾಕಲು, ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಕೊಳ್ಳಬಹುದೇ ಎಂದು ಶಿರಸಿಯಿಂದ ನೀನು ಕೇಳಿ ಬರೆದು ತಿಂಗಳಾಯಿತು. ನನ್ನ ಎಂಪೈರ್ ಎಂಬ ಮನುಷ್ಯರ ಸೈನ್ಯದ ಕೊನೆಯ ಹತ್ತು ಸವಾರರು ಮುಗಿಯುವ ತನಕ ಉತ್ತರಿಸುವುದು ಬೇಡವೆಂದು ಸುಮ್ಮನಿದ್ದೆ. ಅವರು ಮೊನ್ನೆ ಮುಗಿದರು. ಒಟ್ಟು 184 ಗೊಂಬೆಗಳು, ಮೇ ತಿಂಗಳಿನಿಂದ ಡಿಸೆಂಬರ್ ತನಕ. ಕೊಳ್ಳು ಎಂದೇ ಹೇಳುತ್ತೇನೆ. ಆದರೆ ಕೆಲಸ ಬೇಗ ಮುಗಿಯುತ್ತದೆ ಎಂಬ ಆಸೆಯಿಂದ ಕೊಳ್ಳಬೇಡ.

2015ರಲ್ಲಿ ಆಟದ ಕಂಪನಿಯಾದ ಗೇಮ್ಸ್ ವರ್ಕ್‌ಶಾಪ್ ನಮ್ಮ ಹಳೆಯ ವಾರ್‌ಹ್ಯಾಮರ್ ಆಟವನ್ನು ಕೈಬಿಟ್ಟು ಗೊಂಬೆಯ ಕಾಲಡಿಯ ಬೇಸ್ (ಪೀಠ) ದುಂಡಾಗಿರುವ ಹೊಸ ಆಟವನ್ನು ತಂದಾಗ ನಾವಿಬ್ಬರೂ ಮುನಿಸಿಕೊಂಡು ಗೊಂಬೆಗಳನ್ನು ಅಟ್ಟಕ್ಕೆ ಸೇರಿಸಿದ್ದು ನಿನಗೆ ನೆನಪಿರಬೇಕು. 2024ರ ಜನವರಿಯಲ್ಲಿ ‘ದಿ ಓಲ್ಡ್ ವರ್ಲ್ಡ್’ ಎಂಬ ಹೆಸರಿನಲ್ಲಿ ಚೌಕ ಬೇಸಿನ ಆಟ ಮರಳಿತಾದರೂ ಅಳತೆಗಳು ಹಳೆಯವಾಗಿ ಉಳಿಯಲಿಲ್ಲ. ನನ್ನ ಕಾಲಾಳುಗಳ ಬೇಸ್ 20 ಮಿಲಿಮೀಟರಿನಿಂದ 25ಕ್ಕೆ, ಕುದುರೆಗಳದು 25×50ರಿಂದ 30×60ಕ್ಕೆ, ನಿನ್ನ ಓರ್ಕ್‌ಗಳದು 25ರಿಂದ 30ಕ್ಕೆ ಹಿಗ್ಗಿದೆ. ಸಾಲಿಗೆ ಐವರಂತೆ ನಿಂತ ನನ್ನ ಈಟಿಗಾರರ ಮುಂಭಾಗ ಹತ್ತು ಸೆಂಟಿಮೀಟರ್ ಇದ್ದದ್ದು ಹನ್ನೆರಡೂವರೆಯಾಯಿತು. ಹಳೆಯ ಬೇಸುಗಳನ್ನೇ ಅಂತರ ಬಿಟ್ಟು ಕೂರಿಸುವ ತಟ್ಟೆಗಳೂ ಸಿಗುತ್ತವೆ. ಅವುಗಳಲ್ಲಿ ಸೈನಿಕರು ಮೊಟ್ಟೆಯ ಟ್ರೇಯಲ್ಲಿ ನಿಂತಂತೆ ಕಾಣುವುದರಿಂದ ನನಗೆ ಒಗ್ಗಲಿಲ್ಲ.

ಪ್ಲಾಸ್ಟಿಕ್ ಗೊಂಬೆಗಳನ್ನು ತೆಳುವಾದ ಗರಗಸದಿಂದ ಬಿಡಿಸಿಕೊಂಡೆ. ಫೆವಿಕ್ವಿಕ್‌ನಿಂದ ಅಂಟಿಸಿದ್ದ ಲೋಹದ ಸವಾರರು ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಅತಿ ತಂಪಿನಲ್ಲಿ ಆ ಅಂಟು ಪೆಡಸಾಗುತ್ತದೆಂದು ತಿಳಿದಿದ್ದರಿಂದ ಅವರನ್ನು ಡಬ್ಬಿಗೆ ಹಾಕಿ, ಫ್ರೀಜರಿನಲ್ಲಿ ಬಂಗಡೆ ಮೀನಿನ ಪಕ್ಕದಲ್ಲಿ ಒಂದು ರಾತ್ರಿ ಇಟ್ಟೆ. ಬೆಳಿಗ್ಗೆ ಸಣ್ಣಗೆ ತಿರುಚಿದೊಡನೆ ‘ಟಕ್’ ಎಂದು ಕಳಚಿ ಬಂದರು. ಮನೆಯವಳು ಆ ಡಬ್ಬಿಯನ್ನು ಮತ್ತೆ ಅಡುಗೆಮನೆಗೆ ಸೇರಿಸಿಕೊಂಡಿಲ್ಲ. ಹಳೆಯ ಬಣ್ಣ ತೀರಾ ದಪ್ಪಗಿದ್ದ ಕಡೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ನೆನೆಸಿ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿದೆ. ಹಾರ್ಡ್‌ವೇರ್ ಅಂಗಡಿಯ ಥಿನ್ನರನ್ನು ಪ್ಲಾಸ್ಟಿಕ್ ಗೊಂಬೆಯ ಹತ್ತಿರವೂ ತರಬೇಡ. ನನ್ನ ಒಂದು ಕುದುರೆಯ ನಾಲ್ಕೂ ಕಾಲುಗಳು ಅದರಲ್ಲಿ ಕರಗಿಹೋದವು.

ಇನ್ನು ಏರ್‌ಬ್ರಷ್‌ನ ವಿಚಾರ. ನನ್ನದು 0.3 ಮಿಲಿಮೀಟರ್ ಸೂಜಿಯದು. ಗುಂಡಿಯನ್ನು ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದರೆ ಬಣ್ಣ. ಬಣ್ಣವನ್ನು ಹಾಲಿನ ಹದಕ್ಕೆ ತೆಳುಮಾಡಿ ಸುಮಾರು 20 ಪಿಎಸ್‌ಐ ಒತ್ತಡದಲ್ಲಿ ಬಿಡುವುದನ್ನು ಕೈ ಒಂದು ವಾರದಲ್ಲಿ ಕಲಿತುಬಿಡುತ್ತದೆ. ಕಲಿಯದೆ ಉಳಿಯುವುದು ನಮ್ಮ ಹವೆಯ ಸ್ವಭಾವ. ಆಷಾಢದ ಜಡಿಮಳೆಯ ಒಂದು ಸಂಜೆ ನಲವತ್ತು ಈಟಿಗಾರರಿಗೆ ಬಿಳಿ ಸಿಂಪಡಿಸುತ್ತಿದ್ದಾಗ ಏರ್‌ಬ್ರಷ್ ಒಮ್ಮೆ ಕೆಮ್ಮಿದಂತಾಗಿ ನೀರಿನ ಹನಿಗಳನ್ನು ಉಗುಳಿತು; ಮುಂದಿನ ಸಾಲಿನವರ ಮುಖದ ತುಂಬ ಸಿಡುಬು ಎದ್ದಂತಾಯಿತು. ಏರ್‌ಬ್ರಷ್‌ಗೆ ಗಾಳಿ ಒದಗಿಸುವ ಕಂಪ್ರೆಸರ್ ನಮ್ಮ ಕರಾವಳಿಯ ಒದ್ದೆ ಗಾಳಿಯನ್ನೇ ಹೀರಿ ಒತ್ತುತ್ತದೆ, ಒತ್ತಿದಾಗ ಬಿಸಿಯಾದ ಗಾಳಿ ಕೊಳವೆಯಲ್ಲಿ ತಣಿಯುತ್ತ ಬರುವಾಗ ಅದರೊಳಗಿನ ನೀರು ಹನಿಗಟ್ಟುತ್ತದೆ. ಆಮೇಲೆ ಟ್ಯಾಂಕಿನ ಅಡಿಯ ತಿರುಪನ್ನು ದಿನವೂ ಬಿಚ್ಚಿ ನೀರು ಬಸಿಯಲಾರಂಭಿಸಿದೆ; ತೇವ ಹಿಡಿಯುವ ಫಿಲ್ಟರನ್ನು ಏರ್‌ಬ್ರಷ್‌ನ ಹಿಡಿಕೆಯ ಕೆಳಗೇ ಹಾಕಿಸಿದೆ. ಅಷ್ಟಾದರೂ ನೆಮ್ಮದಿಯಿಂದ ಕೆಲಸ ಸಾಗಿದ್ದು ಮಳೆ ಹಿಂದೆಗೆದ ಮೇಲೆಯೇ. ಆದರೆ ಇದೇ ಹವೆಯ ಒಂದು ಉಪಕಾರವನ್ನೂ ಹೇಳಬೇಕು: ಒಣ ಊರಿನವರನ್ನು ಸತಾಯಿಸುವ, ಸೂಜಿಯ ತುದಿಯಲ್ಲೇ ಬಣ್ಣ ಒಣಗಿ ಕಟ್ಟಿಕೊಳ್ಳುವ ತಾಪತ್ರಯ ನನಗೆ ಮಳೆಗಾಲದಲ್ಲಿ ಬರಲೇ ಇಲ್ಲ.

ನಿನ್ನ ತೋಟದಿಂದ ತಂದಿದ್ದ ಅಡಿಕೆ ಮರ ಸೀಳಿದ ದಬ್ಬೆಗಳಿಗೆ ಎರಡೂ ಕಡೆ ಅಂಟುವ ಟೇಪ್ ಹಚ್ಚಿ, ಒಂದೊಂದರ ಮೇಲೆ ಹತ್ತು ಜನರನ್ನು ನಿಲ್ಲಿಸಿದೆ. ಮೊದಲು ಇಡೀ ಮೈಗೆ ಕಪ್ಪು, ಬಳಿಕ ಓರೆಯಾಗಿ ಮೇಲಿನಿಂದ ಬೂದು, ಕೊನೆಗೆ ನೆತ್ತಿಯಿಂದ ನೇರವಾಗಿ ಬಿಳಿ. ಮಧ್ಯಾಹ್ನದ ಬಿಸಿಲು ಬಿದ್ದ ಹಾಗೆ ನೆರಳು ಬೆಳಕು ತಾನಾಗಿ ಮೂಡುತ್ತದೆ, ಅದರ ಮೇಲೆ ತೆಳುವಾದ ಬಣ್ಣ ಕೊಟ್ಟರಾಯಿತು. ನನ್ನವರು ಆಟದ ಕಥೆಯಲ್ಲಿ ಆವರ್‌ಲ್ಯಾಂಡ್ ಪ್ರಾಂತದವರು, ಅವರ ಉಡುಪು ಹಳದಿ ಮತ್ತು ಕಪ್ಪು. ಹಳದಿಯಷ್ಟು ಮೊಂಡು ಬಣ್ಣ ಬೇರೊಂದಿಲ್ಲ: ಕುಂಚದಲ್ಲಿ ಹಚ್ಚಿದರೆ ಗೆರೆಗೆರೆಯಾಗುತ್ತದೆ, ಕಪ್ಪಿನ ಮೇಲೆ ಬಿದ್ದರೆ ಹಸಿರಿಗೆ ತಿರುಗುತ್ತದೆ. ಏರ್‌ಬ್ರಷ್‌ನಲ್ಲಿ ಮೂರು ತೆಳು ಪದರ ಕೊಟ್ಟಾಗ ಗೊಂಡೆ ಹೂವಿನ ಹಳದಿ ಕುಂದಿಲ್ಲದೆ ಕೂತಿತು. ಹತ್ತಿರದಿಂದ ಕಂಡರೆ ಮಡಿಕೆಗಳಲ್ಲಿ ಬಣ್ಣ ಒಂದಿಷ್ಟು ಒರಟೇ. ಆದರೆ ಯಕ್ಷಗಾನದ ಬಣ್ಣದ ವೇಷವನ್ನು ಚೌಕಿಯಲ್ಲಿ ಮೂಗಿಗೆ ಮೂಗು ತಾಗಿಸಿ ಯಾರೂ ಅಳೆಯುವುದಿಲ್ಲವಷ್ಟೆ. ಮೇಜಿನ ಆಚೆಯಿಂದ ಕಾಣಬೇಕಾದದ್ದು ಪಡೆ. ಮುಖ, ಮೀಸೆ, ಬೆಲ್ಟಿನ ಕೊಕ್ಕೆಗಳನ್ನೆಲ್ಲ ಕುಂಚದಿಂದಲೇ ಬರೆದೆ, ಅಕ್ಟೋಬರ್ ಮತ್ತು ನವೆಂಬರ್ ಪೂರ್ತಿ ಅದಕ್ಕೇ ಹೋಯಿತು. ಏರ್‌ಬ್ರಷ್ ಉಳಿಸಿಕೊಟ್ಟ ವೇಳೆಯಲ್ಲಿ ಅರ್ಧವನ್ನು ಅದನ್ನು ತೊಳೆಯುವ ಕೆಲಸವೇ ನುಂಗಿತು.

ಬೇಸಿಗೆ ಟಾಗೋರ್ ಕಡಲತೀರದ ಎರಡು ಮುಷ್ಟಿ ಮರಳನ್ನು ಸಿಹಿನೀರಿನಲ್ಲಿ ನಾಲ್ಕು ಸಲ ತೊಳೆದು, ಒಣಗಿಸಿ, ಚಹಾ ಸೋಸುವ ಜರಡಿಯಲ್ಲಿ ಹಿಡಿದೆ. ಉಪ್ಪು ಉಳಿದರೆ ತೇವ ಹೀರಿ ಬಣ್ಣವನ್ನು ಎಬ್ಬಿಸುತ್ತದೆ. ಅದಕ್ಕೆ ಅಂಗಳದ ಕೆಂಪು ಚಿರೆಕಲ್ಲಿನ ಪುಡಿಯನ್ನು ಬೆರೆಸಿ ಫೆವಿಕಾಲ್ ಮೇಲೆ ಉದುರಿಸಿದೆ. ಮೊದಲ ಹತ್ತನ್ನು ಅಂಟು ಪೂರ್ತಿ ಒಣಗುವ ಮೊದಲೇ ಏರ್‌ಬ್ರಷ್‌ಗೆ ಒಡ್ಡಿದ್ದರಿಂದ ಮರಳೆಲ್ಲ ಹಾರಿ ಹಸಿ ಬಣ್ಣದ ಕುದುರೆಗಳ ಮೈಗೆ ಮೆತ್ತಿತು. ನೀನು ಒಂದು ಇಡೀ ದಿನ ಒಣಗಲು ಬಿಡು. ಹನ್ನೆರಡು ವರ್ಷಗಳಲ್ಲಿ ಮೂರು ಬಗೆಯ ಕೈಯಿಂದ ಬಣ್ಣ ಕಂಡಿದ್ದ ಈ ಪಡೆಯನ್ನು ಒಂದೇ ಊರಿನವರನ್ನಾಗಿ ಮಾಡಿದ್ದು ಕೊನೆಗೂ ಆ ಕೆಂಪು ನೆಲವೇ. ಎಂಪೈರಿನವರು ಈಗ ಕುಮಟಾದ ಕಡೆಯ ಯಾವುದೋ ಗುಡ್ಡದ ಮೇಲೆ ಬಿಡಾರ ಹೂಡಿದಂತಿದ್ದಾರೆ. ಆದ್ದರಿಂದ ನೀನು ಬಣ್ಣದ ಬಾಟಲಿ ತೆರೆಯುವ ಮೊದಲು ಒಂದೇ ಒಂದು ಬೇಸ್ ಮುಗಿಸಿ, ಅದರ ಮೇಲೆ ಓರ್ಕ್‌ನ ಹಸಿರು ಹೇಗೆ ಕಾಣುತ್ತದೆಂದು ನೋಡಿಕೋ.

ಸಂಕ್ರಾಂತಿಗೆ ನೀನು ಇಳಿದು ಬರುವಾಗ 30 ಮಿಲಿಮೀಟರ್ ಬೇಸಿನ ತಟ್ಟೆಗಳನ್ನು ತಂದರೆ ಸಾಕು, ಓರ್ಕ್‌ಗಳಿಗೆ ಬಣ್ಣ ಆಗಿರದಿದ್ದರೂ ಆಡೋಣ. ಜೊತೆಗೆ ಅಡಿಕೆ ದಬ್ಬೆ ನಾಲ್ಕು ಹೆಚ್ಚಿಗೆ ಇರಲಿ. ಫಿರಂಗಿಗಳು ಇನ್ನೂ ಬಾಕಿ ಇವೆ.

ನಿನ್ನ ಗೆಳೆಯ